ಅಂಡಾಣು, ವೀರ್ಯಾಣು ರೂಪುಗೊಳ್ಳುವ ಬಗೆ ಬೇರೆ: ಸೊಸೆಯೊಬ್ಬಳನ್ನೇ ದೂರುವುದು ಸರಿಯಲ್ಲ

ಮದುವೆಯಾಗಿ ಎರಡು ವರ್ಷ ಕಳೆದರೂ ಮನೆಯಲ್ಲಿ ತೊಟ್ಟಿಲು ಕಟ್ಟದಿದ್ದರೆ ದೋಷ ಸೊಸೆಯದೇ ಎಂದು ತೀರ್ಮಾನಿಸುವ ರೂಢಿ ನಾಡಿನೆಲ್ಲೆಡೆ ಇದೆ. ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಹಳ್ಳಿಗಳೂ ಇದಕ್ಕೆ ಹೊರತಲ್ಲ. ಆದರೆ ಸಂತಾನ ಬೀಜಗಳು ರೂಪುಗೊಳ್ಳುವ ಕ್ರಮವನ್ನು ಅರಿತರೆ ಈ ತೀರ್ಮಾನ ನಿಲ್ಲುವುದಿಲ್ಲ.

ಹೆಣ್ಣಿನ ಅಂಡಾಣುಗಳ ತಯಾರಿ ಆಕೆ ತಾಯಿಯ ಗರ್ಭದಲ್ಲಿರುವಾಗಲೇ ಆರಂಭವಾಗುತ್ತದೆ. ಐದನೇ ತಿಂಗಳ ಹೊತ್ತಿಗೆ ಸುಮಾರು 60ರಿಂದ 70 ಲಕ್ಷದಷ್ಟಿರುವ ಅಂಡಕೋಶಗಳು ಜನನದ ವೇಳೆಗೆ 10ರಿಂದ 20 ಲಕ್ಷಕ್ಕೆ, ಮೈನೆರೆಯುವ ವೇಳೆಗೆ 3ರಿಂದ 4 ಲಕ್ಷಕ್ಕೆ ಇಳಿಯುತ್ತವೆ. ಜೀವಿತಾವಧಿಯಲ್ಲಿ ಬಲಿತು ಹೊರಬರುವುದು ಸುಮಾರು 400 ಮಾತ್ರ. ವರ್ಣತಂತುಗಳನ್ನು 46ರಿಂದ 23ಕ್ಕೆ ಇಳಿಸುವ ಮಿಯಾಸಿಸ್ ವಿಭಜನೆಯು ಗರ್ಭದಲ್ಲೇ ಆರಂಭಗೊಂಡು ನಡುವೆ ನಿಂತಿರುತ್ತದೆ; ಅದು ಪೂರ್ಣಗೊಳ್ಳುವುದು ವೀರ್ಯಾಣು ಒಳಹೊಕ್ಕ ಮೇಲೆಯೇ. ಒಂದು ಕೋಶದಿಂದ ದೊರೆಯುವುದು ಒಂದೇ ಅಂಡಾಣು. ಹೀಗಾಗಿ ಮಹಿಳೆಗೆ ವಯಸ್ಸಾದಂತೆ ಅಂಡಾಣುವಿಗೂ ವಯಸ್ಸಾಗುತ್ತದೆ.

ಪುರುಷರಲ್ಲಿ ವೀರ್ಯಾಣು ಉತ್ಪಾದನೆ ಪ್ರೌಢಾವಸ್ಥೆಯಲ್ಲಿ ಆರಂಭವಾಗಿ ವೃದ್ಧಾಪ್ಯದವರೆಗೂ ಮುಂದುವರಿಯುತ್ತದೆ. ಮಿಯಾಸಿಸ್‌ಗೆ ಒಳಗಾಗುವ ಪ್ರತಿ ಕೋಶದಿಂದ ನಾಲ್ಕು ವೀರ್ಯಾಣುಗಳು ರೂಪುಗೊಳ್ಳುತ್ತವೆ. ಈ ಕ್ರಿಯೆಗೆ ಎರಡೂವರೆ ತಿಂಗಳು ಹಿಡಿದರೂ, ದಿನವೊಂದಕ್ಕೆ ಕೋಟಿಗಟ್ಟಲೆ ಸಿದ್ಧವಾಗುತ್ತಿರುತ್ತವೆ. ಇದಕ್ಕೆ ದೇಹದ ಉಷ್ಣತೆಗಿಂತ 2ರಿಂದ 3 ಡಿಗ್ರಿ ಕಡಿಮೆ ಉಷ್ಣತೆ ಅಗತ್ಯ. ತೀವ್ರ ಜ್ವರ, ಅತಿಯಾದ ಶಾಖ, ಧೂಮಪಾನಗಳಿಂದ ವೀರ್ಯಾಣುಗಳ ಸಂಖ್ಯೆ ಮತ್ತು ಗುಣಮಟ್ಟ ಕುಗ್ಗಬಹುದು. ಜ್ವರದ ಪರಿಣಾಮ ಎರಡು-ಮೂರು ತಿಂಗಳು ಉಳಿಯುವುದೂ ಉಂಟು.

ಮಗುವಿನ ಲಿಂಗ ನಿರ್ಧಾರದಲ್ಲೂ ವ್ಯತ್ಯಾಸವಿದೆ. ಅಂಡಾಣುವಿನಲ್ಲಿ ಎಕ್ಸ್ ವರ್ಣತಂತು ಮಾತ್ರ ಇರುತ್ತದೆ. ವೀರ್ಯಾಣುಗಳಲ್ಲಿ ಅರ್ಧದಷ್ಟು ಎಕ್ಸ್, ಅರ್ಧದಷ್ಟು ವೈ ಹೊಂದಿರುತ್ತವೆ. ವೈ ಕೂಡಿದರೆ ಗಂಡು, ಎಕ್ಸ್ ಕೂಡಿದರೆ ಹೆಣ್ಣು. ಆದ್ದರಿಂದ ಹೆಣ್ಣುಮಕ್ಕಳನ್ನೇ ಹೆತ್ತಳೆಂದು ತಾಯಿಯನ್ನು ಹಳಿಯುವುದಕ್ಕೆ ಆಧಾರವೇ ಇಲ್ಲ.

ಬಂಜೆತನದ ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಪುರುಷರ ಸಮಸ್ಯೆಯೂ ಸೇರಿರುತ್ತದೆ. ವೀರ್ಯ ಪರೀಕ್ಷೆ ಸರಳವಾದುದು. ಅದಕ್ಕೆ ಶಸ್ತ್ರಚಿಕಿತ್ಸೆ ಬೇಕಿಲ್ಲ. ಒಂದು ವರ್ಷ ಪ್ರಯತ್ನಿಸಿದರೂ ಗರ್ಭ ನಿಲ್ಲದಿದ್ದರೆ, ಮಹಿಳೆಗೆ 35 ವರ್ಷ ದಾಟಿದ್ದಲ್ಲಿ ಆರು ತಿಂಗಳಲ್ಲೇ, ದಂಪತಿ ಇಬ್ಬರೂ ವೈದ್ಯರನ್ನು ಕಾಣಬೇಕು. ಹರಕೆ ಹೊರುವುದು ಅವರವರ ನಂಬಿಕೆ. ಆದರೆ ಗಂಡ ಪರೀಕ್ಷೆಗೆ ಹಿಂಜರಿದು ಕಳೆಯುವ ಒಂದೊಂದು ವರ್ಷವೂ ಹೆಂಡತಿಯ ಅಂಡಾಣುಗಳ ಲೆಕ್ಕದಲ್ಲಿ ನಷ್ಟವೇ ಸರಿ.