ಗುಡಿಗಳ ಬೆನ್ನ ಹಿಂದಿನ ಮಡ್ಡಿ

ಬಾದಾಮಿಗೆ ಬರುವ ಹೆಚ್ಚಿನವರು ನಾಲ್ಕು ಗುಹೆಗಳನ್ನು ನೋಡಿ, ಅಗಸ್ತ್ಯತೀರ್ಥದ ದಂಡೆಯಲ್ಲಿ ಭೂತನಾಥನ ಗುಡಿಯ ಮುಂದೆ ಫೋಟೊ ತೆಗೆಸಿಕೊಂಡು, ಬಿಸಿಲೇರುವ ಮೊದಲೇ ಪಟ್ಟದಕಲ್ಲಿನ ಹಾದಿ ಹಿಡಿಯುತ್ತಾರೆ. ಅವರು ಕಂಡದ್ದು ಗುಡ್ಡದ ಅಂಚನ್ನು ಮಾತ್ರ. ಕೋಟೆಯ ಬುರುಜು ದಾಟಿ ಮೇಲೆ ಹತ್ತಿದರೆ ಕೆಂಪು ಬಂಡೆಯ ಬೇರೊಂದು ಸೀಮೆಯೇ ತೆರೆದುಕೊಳ್ಳುತ್ತದೆ. ಊರಿಲ್ಲ, ಹೊಲವಿಲ್ಲ, ತಂತಿಕಂಬವಿಲ್ಲ. ಬಂಡೆಹಾಸು, ಮೊಣಕಾಲೆತ್ತರದ ಹುಲ್ಲು, ಕವಳಿ ಕಂಟಿ, ಬಾರಿ ಗಿಡ, ಅಲ್ಲಲ್ಲಿ ಸೀತಾಫಲ, ಅವುಗಳ ನಡುವೆ ತಟ್ಟನೆ ಬಾಯ್ತೆರೆಯುವ ಕೊಳ್ಳಗಳು. ಬಿತ್ತಲು ಬಾರದ ಇಂಥ ಎತ್ತರದ ಕಲ್ಲುನೆಲವನ್ನು ಈ ಕಡೆಯವರು ಮಡ್ಡಿ ಎನ್ನುತ್ತಾರೆ. ಬಾದಾಮಿಯಿಂದ ಮಹಾಕೂಟ, ಪಟ್ಟದಕಲ್ಲು, ಐಹೊಳೆಗಳವರೆಗೆ ಇಂಥ ಗುಡ್ಡಗಳು ಮಲಪ್ರಭೆಯ ಎರಡೂ ಮಗ್ಗುಲಲ್ಲಿ ತುಂಡುತುಂಡಾಗಿ ಹಬ್ಬಿವೆ. ಚಾಲುಕ್ಯರ ಗುಡಿಗಳ ಬಗ್ಗೆ ಗ್ರಂಥಗಳೇ ಬಂದಿವೆ. ಆ ಗುಡಿಗಳಿಗೆ ಕಲ್ಲನ್ನೂ ನೀರನ್ನೂ ಕೊಟ್ಟ ಈ ಮಡ್ಡಿಯನ್ನು ಕೇಳುವವರು ಕಡಿಮೆ.

ಮೊದಲು ಕಲ್ಲಿನ ಮಾತು. ಬಾದಾಮಿಯ ಮರಳುಗಲ್ಲನ್ನು ಭೂವಿಜ್ಞಾನಿಗಳು ಕಲಾದಗಿ ಶಿಲಾಸಮೂಹಕ್ಕೆ ಸೇರಿಸುತ್ತಾರೆ. ಈಗ ದಾಳಿಂಬೆ, ಚಿಕ್ಕುಗಳಿಗೆ ಹೆಸರಾದ ಕಲಾದಗಿ ಬ್ರಿಟಿಷರ ಕಾಲದಲ್ಲಿ ಜಿಲ್ಲಾ ಕೇಂದ್ರವಾಗಿತ್ತು. 1885ರಲ್ಲಿ ಕಚೇರಿಗಳು ವಿಜಯಪುರಕ್ಕೆ ಹೋದವು, ಹೆಸರು ಮಾತ್ರ ಕಲ್ಲಿಗೆ ಅಂಟಿಕೊಂಡು ಉಳಿಯಿತು. ಆ ಹೆಸರಿಟ್ಟವನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್. ಈ ಭಾಗವನ್ನೆಲ್ಲ ಸುತ್ತಿ ಅವನು ಬರೆದ ವರದಿ 1876ರಲ್ಲಿ ಅಚ್ಚಾಯಿತು.

ಮಡ್ಡಿಯ ಮೇಲೆ ನಡೆಯುವಾಗ ಕಣ್ಣು ಕಾಲಡಿಯಲ್ಲಿರಲಿ. ಹಲವು ಕಡೆ ಬಂಡೆಹಾಸಿನ ಮೇಲೆ ಸಾಲುಸಾಲು ಅಲೆಗೆರೆಗಳು ಕಾಣುತ್ತವೆ. ಮಳೆಗಾಲ ಮುಗಿದ ಮೇಲೆ ಮಲಪ್ರಭೆಯ ದಂಡೆಯ ಮರಳಿನಲ್ಲಿ ಇಂದಿಗೂ ಮೂಡುವ ಗೆರೆಗಳೇ ಅವು. ಇಲ್ಲಿ ಕಲ್ಲಾಗಿ ನಿಂತಿವೆ. ನೆಲದ ಮೇಲೆ ಗಿಡವಾಗಲಿ ಪ್ರಾಣಿಯಾಗಲಿ ಇನ್ನೂ ಇರದಿದ್ದ ಕಾಲದಲ್ಲಿ ಹರಿದ ನೀರು ತಂದು ಪೇರಿಸಿದ ಮರಳು ಇದು. ಕಬ್ಬಿಣದ ಅಂಶ ಸೇರಿ ಕೆಂಪೇರಿತು, ಪದರ ಪದರವಾಗಿ ಗಟ್ಟಿಯಾಯಿತು. ಬಾಗಲಕೋಟೆಯ ಕಡೆ ಇರುವ ಇನ್ನೂ ಹಳೆಯ ಪದರಗಳು ಭೂಮಿಯ ಒತ್ತಡಕ್ಕೆ ಮಡಚಿಕೊಂಡಿವೆ. ಬಾದಾಮಿಯ ಪದರಗಳು ಹೆಚ್ಚುಕಡಿಮೆ ಮಟ್ಟಸವಾಗಿಯೇ ಉಳಿದಿವೆ. ಗುಡ್ಡದ ನೆತ್ತಿ ಚಪ್ಪಟೆಯಾಗಿರುವುದಕ್ಕೂ, ಅಂಚಿನಲ್ಲಿ ಗೋಡೆ ಕಟ್ಟಿದ ಹಾಗೆ ನೇರವಾಗಿ ಕಡಿದುಬಿದ್ದಿರುವುದಕ್ಕೂ ಇದೇ ಕಾರಣ. ಆ ನೇರ ಗೋಡೆಗಳನ್ನು ಹತ್ತಲು ಈಗ ದೇಶವಿದೇಶದ ಹುಡುಗರು ಹಗ್ಗ ಹೊತ್ತು ಬರುತ್ತಾರೆ.

ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಪೆನೈನ್ ಬೆಟ್ಟಸಾಲಿನ ಮೇಲೆ ‘ಮೂರ್’ ಎಂದು ಕರೆಯುವ ಬೋಳು ಎತ್ತರದ ಬಯಲುಗಳಿವೆ. ಕಿಂಡರ್ ಸ್ಕೌಟ್ ಎಂಬುದು ಅವುಗಳಲ್ಲಿ ಹೆಸರಾದದ್ದು. ಅಲ್ಲಿಯೂ ಅಡಿಗಲ್ಲು ಮರಳುಗಲ್ಲೇ, ಅಲ್ಲಿಯೂ ಕುರಿಗಳೇ. ಒಂದು ಕಾಲಕ್ಕೆ ಜಮೀನ್ದಾರರು ಆ ಬಯಲನ್ನು ತಮ್ಮ ಹಕ್ಕಿಬೇಟೆಗೆಂದು ಮುಚ್ಚಿಟ್ಟಿದ್ದರು. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್ ಸುತ್ತಿನ ಕಾರ್ಮಿಕರು ನೂರಾರು ಸಂಖ್ಯೆಯಲ್ಲಿ ಅಲ್ಲಿಗೆ ನುಗ್ಗಿ ನಡೆದರು. ಐವರು ಜೈಲಿಗೆ ಹೋದರು. ನಡೆಯುವ ಹಕ್ಕಿಗಾಗಿ ನಡೆದ ಆ ಹೋರಾಟವನ್ನು ಆ ದೇಶ ಇಂದಿಗೂ ನೆನೆಯುತ್ತದೆ. ನಮ್ಮ ಮಡ್ಡಿಯಲ್ಲಿ ಕುರಿಗಾಹಿಗಳು, ಸೌದೆಗೆ ಹೋಗುವ ಹೆಣ್ಣುಮಕ್ಕಳು, ಮಹಾಕೂಟಕ್ಕೆ ಹರಕೆ ಹೊತ್ತವರು ಯಾರನ್ನೂ ಕೇಳದೆ ತಲೆತಲಾಂತರದಿಂದ ನಡೆದಿದ್ದಾರೆ. ಅವರ ಕಾಲುದಾರಿಗಳೇ ಇವತ್ತಿಗೂ ಇಲ್ಲಿನ ದಾರಿ.

ಆದರೆ ಆ ಮೂರ್‌ಗೂ ಈ ಮಡ್ಡಿಗೂ ದೊಡ್ಡ ಅಂತರವಿರುವುದು ನೀರಿನಲ್ಲಿ. ಅಲ್ಲಿ ವರ್ಷವಿಡೀ ಜಿನುಗುವ ಮಳೆಯನ್ನು ಕೊಳೆತ ಪಾಚಿಯ ದಪ್ಪ ಕರಿಮಣ್ಣು ಹೀರಿಟ್ಟುಕೊಳ್ಳುತ್ತದೆ, ಕಾಲಿಟ್ಟರೆ ಹೂಳುತ್ತದೆ. ಇಲ್ಲಿ ವರ್ಷಕ್ಕೆ ಬೀಳುವುದು 550 ಮಿಲಿಮೀಟರ್ ಆಸುಪಾಸು, ಅದೂ ನಾಲ್ಕಾರು ತಿಂಗಳಲ್ಲಿ. ಮಣ್ಣು ಬೆರಳುದ್ದ ಇದ್ದರೆ ಹೆಚ್ಚು. ಹಾಗಾದರೆ ಬಿದ್ದ ಮಳೆ ಎಲ್ಲಿಗೆ ಹೋಯಿತು? ಸ್ವಲ್ಪ ನೀರು ಬಂಡೆಯ ದೊಣೆಗಳಲ್ಲಿ ನಿಂತು ಕುರಿಗೂ ನವಿಲಿಗೂ ಸಿಗುತ್ತದೆ. ಇನ್ನಷ್ಟು ಕೊಳ್ಳಗಳಿಗೆ ಧುಮುಕುತ್ತದೆ. ಜೋರು ಮಳೆಯಾದ ದಿನ ಬಾದಾಮಿ ಹೊಂಡದ ಮೇಲಿನ ಅಕ್ಕತಂಗಿ ಜಲಪಾತವೂ, ಭದ್ರನಾಯಕನ ಜಾಲಿಹಾಳದ ಹತ್ತಿರದ ಹುಲಿಗೆಮ್ಮನ ಕೊಳ್ಳವೂ ಜನರನ್ನು ಕರೆಯುತ್ತವೆ. ಉಳಿದದ್ದು ಕಲ್ಲಿನ ಬಿರುಕುಗಳಿಗೆ ಇಳಿಯುತ್ತದೆ. ಮರಳುಗಲ್ಲು ಉದ್ದುದ್ದಕ್ಕೆ ಸೀಳಿಕೊಂಡಿರುವುದರಿಂದ ನೀರು ಒಳಗೊಳಗೇ ಜಾರಿ, ಮುಂದೆ ಇಳಿಯಲು ಬಿಡದ ಪದರ ಸಿಕ್ಕಾಗ ಪಕ್ಕಕ್ಕೆ ತಿರುಗಿ, ಗುಡ್ಡದ ಬುಡದಲ್ಲಿ ಸೆಲೆಯಾಗಿ ಹೊರಬರುತ್ತದೆ.

ಇದನ್ನು ತಿಳಿಯಲು ಪುಸ್ತಕಕ್ಕಿಂತ ಕಾಲ್ನಡಿಗೆ ಒಳ್ಳೆಯದು. ಬಾದಾಮಿಯಿಂದ ಗುಡ್ಡದ ಮೇಲೆ ಹಾಯ್ದು ಮಹಾಕೂಟಕ್ಕೆ ಇಳಿಯುವ ಹಳೆಯ ಕಾಲುದಾರಿಯಲ್ಲಿ ಒಮ್ಮೆ ಹೋಗಬೇಕು. ಮೇಲೆ ಇರುವಷ್ಟು ಹೊತ್ತೂ ಬಾಯಾರಿಕೆ. ‘ಮ್ಯಾಲ ನೀರ ಸಿಗಂಗಿಲ್ರೀ, ಇಲ್ಲಿಂದನ ತುಂಬ್ಕೊಂಡ ಹೋಗ್ರಿ’ ಎಂದು ಕೆಳಗಿನವರು ಹೇಳಿಯೇ ಕಳಿಸುತ್ತಾರೆ. ಬಂಡೆ ಕಾದು ಚಪ್ಪಲಿಯ ತಳಕ್ಕೂ ಬಿಸಿ ತಾಗುತ್ತದೆ. ಕೊಳ್ಳಕ್ಕೆ ಇಳಿಯುತ್ತಿದ್ದಂತೆ ಗಿಡಗಳು ಎತ್ತರವಾಗುತ್ತವೆ, ಗಾಳಿ ತಂಪಾಗುತ್ತದೆ. ಆ ನೆರಳಲ್ಲೇ ನಾಗನಾಥನ ಗುಡಿ. ಇನ್ನೂ ಕೆಳಗಿಳಿದರೆ ಮಹಾಕೂಟದ ವಿಷ್ಣು ಪುಷ್ಕರಣಿಯಲ್ಲಿ ಬುಗ್ಗೆಯ ತಿಳಿನೀರು, ಅದರಲ್ಲಿ ಈಜುವ ಮಕ್ಕಳು. ಮೇಲೆ ಕುಡಿಯಲು ಹನಿ ಸಿಗದ ಗುಡ್ಡವೇ ಕೆಳಗೆ ಇಷ್ಟು ನೀರು ಬಿಟ್ಟಿರುವುದನ್ನು ಕಂಡಾಗ, ಚಾಲುಕ್ಯರು ಇಲ್ಲೇ ಏಕೆ ಗುಡಿ ಕಟ್ಟಿದರೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಚಾಲುಕ್ಯ ದೊರೆ ಮಂಗಲೇಶನ ಪ್ರಸಿದ್ಧ ಸ್ತಂಭ ನಿಂತಿದ್ದದ್ದೂ ಇದೇ ಮಹಾಕೂಟದಲ್ಲಿ. ಈಗ ಅದು ವಿಜಯಪುರದ ವಸ್ತುಸಂಗ್ರಹಾಲಯದಲ್ಲಿದೆ.

ಕ್ರಿ.ಶ. 543ರಲ್ಲಿ ಒಂದನೇ ಪುಲಕೇಶಿ ಬಾದಾಮಿಯ ಗುಡ್ಡಕ್ಕೆ ಕೋಟೆ ಕಟ್ಟಿಸಿದ ವಿಷಯ ಅಲ್ಲಿನ ಬಂಡೆಯ ಮೇಲೆಯೇ ಬರೆದಿದೆ. ನಮ್ಮ ಶಾಲೆಯ ಇತಿಹಾಸ ಅಲ್ಲಿಂದ ಶುರುವಾಗುತ್ತದೆ. ಮಡ್ಡಿಯ ಇತಿಹಾಸ ಅದಕ್ಕೂ ಬಹಳ ಹಿಂದಿನದು. ಮಲಪ್ರಭೆಯ ದಂಡೆಯ ಖ್ಯಾಡ ಗ್ರಾಮದ ಹತ್ತಿರ ಹಳೆಯ ಶಿಲಾಯುಗದ ಕಲ್ಲಿನ ಆಯುಧಗಳನ್ನು ಗುರುತಿಸಿದವನೂ ಅದೇ ಬ್ರೂಸ್ ಫೂಟ್. ಅವನ ಹಾದಿಯನ್ನು ಮುಂದುವರಿಸಿದ ಆರ್.ವಿ. ಜೋಶಿ ಅವರ ಮಲಪ್ರಭಾ ಕಣಿವೆಯ ಅಧ್ಯಯನ 1955ರಲ್ಲಿ ಪ್ರಕಟವಾಯಿತು.

ಬಾದಾಮಿಯಿಂದ ಕುರುಚಲು ಕಾಡಿನಲ್ಲಿ ಮೂರ್ನಾಲ್ಕು ಕಿಲೋಮೀಟರ್ ನಡೆದರೆ ಸಿಗುವ ಸಿಡಿಲಫಡಿ ಇತಿಹಾಸಪೂರ್ವ ಕಾಲದ ಜನರಿಗೆ ಹತ್ತಿರ ಒಯ್ಯುತ್ತದೆ. ಭಾರಿ ಬಂಡೆಗಳ ಮೇಲೆ ಸೇತುವೆಯ ಹಾಗೆ ಬಾಗಿ ಕೂತ ಕಲ್ಲು, ಅದರ ಛಾವಣಿಯಲ್ಲಿ ದೊಡ್ಡದೊಂದು ತೂತು. ಸಿಡಿಲು ಬಡಿದು ಆದ ತೂತು ಎಂಬುದು ಊರವರ ಮಾತು. ಒಳಗೆ ನಿಂತರೆ ಅಂಗಳದಷ್ಟು ನೆರಳು. ಕಲ್ಲಿನ ಮೈಮೇಲೆ ಮಾಸಿದ ಕೆಂಪು ರೇಖೆಗಳಲ್ಲಿ ಪ್ರಾಣಿಗಳೂ ಮನುಷ್ಯರೂ ಇದ್ದಾರೆ. ಮೊದಲ ನೋಟಕ್ಕೆ ಏನೂ ಕಾಣುವುದಿಲ್ಲ. ಕಣ್ಣು ನೆರಳಿಗೆ ಒಗ್ಗಿದ ಮೇಲೆ ಒಂದು ಕೋಡು, ಒಂದು ಬೆನ್ನು, ಒಂದು ಕಾಲು ಹೀಗೆ ಮೂಡಿಕೊಳ್ಳುತ್ತದೆ. ಮಳೆ, ಬಿಸಿಲು ತಡೆಯುವ ಸೂರು, ಸುತ್ತ ಮೇಯುವ ಬೇಟೆ, ಕೆಳಗೆ ಕೊಳ್ಳದ ನೀರು. ಬದುಕಲು ಇನ್ನೇನು ಬೇಕಿತ್ತು? ಅದೇ ಸೂರಿನಡಿ ಇವತ್ತು ಕುರಿಗಾಹಿಗಳು ಬುತ್ತಿ ಬಿಚ್ಚುತ್ತಾರೆ. ಆದರೆ ಈ ಗೆರೆಗಳ ಪಕ್ಕದಲ್ಲೇ ಸುಣ್ಣದಲ್ಲಿ, ಇದ್ದಿಲಿನಲ್ಲಿ ತಮ್ಮ ಹೆಸರು ಗೀಚುವವರೂ ಈ ಸೀಮೆಯಲ್ಲಿ ಇದ್ದಾರೆ. ಸಾವಿರಾರು ವರ್ಷ ಉಳಿದ ಬಣ್ಣ ಒಂದು ಮಧ್ಯಾಹ್ನದಲ್ಲಿ ಹಾಳಾಗಬಲ್ಲದು, ಅದನ್ನು ಮತ್ತೆ ಬರೆಯಲು ಯಾರಿಗೂ ಸಾಧ್ಯವಿಲ್ಲ. ಇಂಥ ಕಡೆ ಕಾವಲಿಡಬೇಕು, ಬಾದಾಮಿಯ ಶಾಲೆಯ ಮಕ್ಕಳನ್ನು ಪ್ರತಿ ವರ್ಷ ಇಲ್ಲಿಗೆ ಕರೆತರಬೇಕು. ಗುಹೆಗಳ ಮುಂದೆ ಮಾಡುವ ಖರ್ಚಿನಲ್ಲಿ ಒಂದು ಪಾಲು ಇದಕ್ಕೆ ಸಾಕು.

ಗುಡ್ಡದಲ್ಲಿ ತೋಳ, ನರಿ, ಮುಳ್ಳುಹಂದಿಗಳಿವೆ. ಇದೇ ಜಿಲ್ಲೆಯ ಬೀಳಗಿ, ಮುಧೋಳ ಕಡೆಯ ಇಂಥದೇ ಕುರುಚಲು ಗುಡ್ಡಗಳನ್ನು ಚಿಂಕಾರಕ್ಕಾಗಿ ಯಡಹಳ್ಳಿ ವನ್ಯಜೀವಿಧಾಮವಾಗಿ ಉಳಿಸಿಕೊಂಡಿದ್ದಾರೆ. ಮಡ್ಡಿಯನ್ನು ಬಂಜರು ಎಂದು ಲೆಕ್ಕದಿಂದ ಬಿಟ್ಟುಬಿಡುವ ರೂಢಿಗೆ ಆ ಅಭಯಾರಣ್ಯವೇ ಒಳ್ಳೆಯ ಉತ್ತರ.

ನಡಿಗೆಗೆ ಹದವಾದ ಕಾಲ ಅಕ್ಟೋಬರದಿಂದ ಜನವರಿ. ಹುಲ್ಲು ಹೊಂಬಣ್ಣಕ್ಕೆ ತಿರುಗಿರುತ್ತದೆ, ಕೊಳ್ಳಗಳಲ್ಲಿ ಇನ್ನೂ ಪಸೆ ಇರುತ್ತದೆ. ಪುಷ್ಯ ಮಾಸದ ಬನದ ಹುಣ್ಣಿಮೆಗೆ ಚೊಳಚಗುಡ್ಡದ ಬನಶಂಕರಿ ಜಾತ್ರೆ ಕೂಡುವುದೂ ಆಗಲೇ. ಗುಡಿಯ ಮುಂದೆ ಬುಟ್ಟಿಯಲ್ಲಿ ಜೋಳದ ರೊಟ್ಟಿ, ಕೆಂಪು ಚಟ್ನಿ, ಗಡಿಗೆ ಮೊಸರು ಇಟ್ಟುಕೊಂಡು ಕೂರುವ ಅವ್ವಂದಿರ ಹತ್ತಿರ ಬುತ್ತಿ ಕಟ್ಟಿಸಿಕೊಂಡರೆ ದಿನದ ಊಟದ ಚಿಂತೆಯಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಹೊತ್ತೇರಿದ ಮೇಲೆ ಮಡ್ಡಿ ಹತ್ತುವುದು ಬೇಡ. ದಾರಿ ತಿಳಿದ ಊರವರೊಬ್ಬರು ಜೊತೆಗಿರಲಿ. ಕೊಳ್ಳಗಳೆಲ್ಲ ಒಂದೇ ಥರ ಕಾಣುವುದರಿಂದ ದಿಕ್ಕು ತಪ್ಪುವುದು ಸುಲಭ.

ಪೂರ್ವಕ್ಕೆ, ಹುನಗುಂದ ಸೀಮೆಯ ಐಹೊಳೆಯಲ್ಲಿ, ಈ ಮರಳುಗಲ್ಲಿನ ಗುಡ್ಡಗಳು ಮುಗಿಯುತ್ತ ಬರುತ್ತವೆ. ಅಲ್ಲಿನ ಮೇಗುತಿ ಗುಡ್ಡದ ಮೇಲಿನ ಜಿನಾಲಯದಲ್ಲಿ ರವಿಕೀರ್ತಿಯ ಕ್ರಿ.ಶ. 634ರ ಶಾಸನವಿದೆ. ಅದನ್ನು ನೋಡಿದವರು ಅಲ್ಲಿಂದಲೇ ಹಿಂತಿರುಗುತ್ತಾರೆ. ಗುಡಿಯ ಹಿಂಬದಿಗೆ ನಡೆದರೆ ಬೃಹತ್ ಶಿಲಾಯುಗದ ಕಲ್ಗೋರಿಗಳು ಹತ್ತಾರು ಇವೆ: ನಾಲ್ಕು ಕಡೆ ನಿಲ್ಲಿಸಿದ ಚಪ್ಪಡಿ, ಮೇಲೊಂದು ಮುಚ್ಚಳದ ಚಪ್ಪಡಿ. ವಿದ್ವಾಂಸರಾದ ಅ. ಸುಂದರ ಅವರು ದಕ್ಷಿಣ ಭಾರತದ ಇಂಥ ಗೋರಿಗಳ ಮೇಲೆ 1975ರಲ್ಲಿ ಪ್ರಕಟಿಸಿದ ಗ್ರಂಥ ಇಂದಿಗೂ ಆಧಾರ. ಪದರ ಹಿಡಿದು ಎಬ್ಬಿಸಿದರೆ ಈ ಕಲ್ಲು ಹಲಗೆಯಾಗಿ ಬರುತ್ತದೆ ಎಂಬುದನ್ನು ಕಂಡುಕೊಂಡವರು ಆ ಗೋರಿ ಕಟ್ಟಿದ ಜನ. ಕೆಳಗಿನ ಐಹೊಳೆಯಲ್ಲಿ ಲಾಡಖಾನ್ ಗುಡಿಯ ಮಾಡಿಗೆ ಓರೆಯಾಗಿ ಹಾಸಿದ ಚಪ್ಪಡಿಗಳನ್ನು ನೋಡಿದಾಗ ಅದೇ ಕೈಗಾರಿಕೆ ಶತಮಾನಗಳ ನಂತರ ದೊಡ್ಡದಾಗಿ ಬೆಳೆದಂತೆ ನನಗೆ ಕಾಣುತ್ತದೆ. ಪಟ್ಟದಕಲ್ಲಿನ ಹತ್ತಿರದ ಶಂಕರಲಿಂಗ ಗುಂಡು ಎಂಬ ಹಳೆಯ ಕ್ವಾರಿಯಲ್ಲಿ ಕಲ್ಲು ಎಬ್ಬಿಸಿದ ಗುರುತುಗಳ ಜೊತೆ ಕೆಲಸಗಾರರ ಹೆಸರುಗಳೂ ಬಂಡೆಯ ಮೇಲಿವೆ.

ಮೇಗುತಿಯಿಂದ ಮುಂದೆ ಅಮೀನಗಡದ ಕರದಂಟು ತಿಂದು ಹುನಗುಂದ ದಾಟಿದರೆ ಎರಿ ಹೊಲಗಳು, ಅವುಗಳಾಚೆ ಇಳಕಲ್ಲಿನ ಗುಲಾಬಿ ಗ್ರಾನೈಟ್. ಮರಳುಗಲ್ಲು ಹಾಸುವುದಕ್ಕೂ ಹಿಂದಿನ, ಬುಡದ ಕಲ್ಲು ಅದು. ಸೀರೆಯಂತೆಯೇ ಆ ಗ್ರಾನೈಟಿಗೂ ಇಳಕಲ್ಲಿನ ಹೆಸರಿದೆ. ನುಣುಪಾಗಿ ಹೊರದೇಶಗಳ ಕಟ್ಟಡಗಳನ್ನೂ ಸೇರಿದೆ. ಅಲ್ಲಿ ಗುಡ್ಡಗಳು ಕರಗುವುದನ್ನು ಕಂಡವರಿಗೆ ಐಹೊಳೆಯ ಗೋರಿಗಳ ಚಿಂತೆ ಹೆಚ್ಚಾಗುತ್ತದೆ. ನಿಧಿಯಾಸೆಗೆ ಇಂಥ ಗೋರಿಗಳನ್ನು ಅಗೆಯುವ ಕಾಟ ಉತ್ತರ ಕರ್ನಾಟಕದಲ್ಲಿ ಹೊಸದಲ್ಲ. ಮೇಗುತಿಗೆ ಹೋದವರು ಇನ್ನೊಂದು ಅರ್ಧ ತಾಸು ಇಟ್ಟುಕೊಂಡು ಹಿಂಬದಿಗೂ ನಡೆಯಬೇಕು. ಜನ ಹೋಗಿಬರುತ್ತಿರುವ ಜಾಗದಲ್ಲಿ ಗುದ್ದಲಿ ಎತ್ತಲು ಕಳ್ಳನೂ ಅಂಜುತ್ತಾನೆ.