ಮಾಜಿ ನೌಕರನ ದಾವೆ: ಸಣ್ಣ ಉದ್ಯಮಿಗಳು ಅರಿಯಬೇಕಾದುದು

ಕರಾರಿನಂತೆ ಸಲ್ಲಬೇಕಾದ ಹಣ ಸಂದಿಲ್ಲವೆಂದು ಕೆಲಸ ಬಿಟ್ಟ ನೌಕರನು ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಿದಲ್ಲಿ, ಉಪಾಹಾರ ಗೃಹ, ಅಂಗಡಿ ಮುಂತಾದ ಸಣ್ಣ ಉದ್ಯಮಗಳ ಮಾಲೀಕರು ಸಮನ್ಸನ್ನು ಅಲಕ್ಷಿಸಬಾರದು. ವಾಸ್ತವವಾಗಿ ಹಣ ಪಾವತಿಯಾಗಿದ್ದರೂ, ಗೈರುಹಾಜರಾದಲ್ಲಿ ಏಕಪಕ್ಷೀಯ ಡಿಕ್ರಿಯಾಗಬಹುದು.

ಸಮನ್ಸ್ ಜಾರಿಯಾದ 30 ದಿನಗಳೊಳಗೆ ಲಿಖಿತ ಹೇಳಿಕೆಯನ್ನು ಸಲ್ಲಿಸತಕ್ಕದ್ದು. ಸಕಾರಣವಿದ್ದಲ್ಲಿ ನ್ಯಾಯಾಲಯವು ಈ ಅವಧಿಯನ್ನು 90 ದಿನಗಳವರೆಗೆ ವಿಸ್ತರಿಸಬಹುದು. ಪ್ರತಿಯೊಂದು ಆರೋಪಕ್ಕೂ ನಿರ್ದಿಷ್ಟವಾಗಿ ಉತ್ತರಿಸಬೇಕು. ನಿರಾಕರಿಸದ ಸಂಗತಿಯನ್ನು ಒಪ್ಪಿಕೊಂಡಂತೆ ಪರಿಗಣಿಸಬಹುದು. ನೇಮಕ ಪತ್ರ, ಹಾಜರಿ ಪುಸ್ತಕ, ವೇತನ ರಸೀದಿಗಳನ್ನು ಹೇಳಿಕೆಯೊಂದಿಗೇ ಹಾಜರುಪಡಿಸಬೇಕು. 1963ರ ಕಾಲಪರಿಮಿತಿ ಅಧಿನಿಯಮದ ಮೇರೆಗೆ ವೇತನ ಬಾಕಿಯ ದಾವೆಗೆ ಸಾಮಾನ್ಯವಾಗಿ 3 ವರ್ಷಗಳ ಮಿತಿಯುಂಟು. ಅದು ಮೀರಿದ್ದರೆ ಆಕ್ಷೇಪಣೆ ಎತ್ತಬಹುದು.

ನೌಕರನಿಗೆ ನಿಜವಾಗಿಯೂ ಬಾಕಿಯಿದ್ದಲ್ಲಿ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳುವುದು ಲೇಸು. ಅಲ್ಲಿ ನ್ಯಾಯಾಲಯ ಶುಲ್ಕವಿಲ್ಲ. ಅದರ ತೀರ್ಪಿನ ಮೇಲೆ ಅಪೀಲೂ ಇಲ್ಲ.