ಹೆರಾಲ್ಡಿಗೆ ಹೊಸ ಗುಂಡಿಗೆ

ಹಳೆಯ ಕಾರಿಗೆ ದೊಡ್ಡ ಎಂಜಿನ್ ಕೂರಿಸಿದರೆ ಹಾಟ್ ರಾಡ್ ಆಗಿಬಿಡುತ್ತದೆ ಎಂದು ನಂಬಿದವರು ಅದನ್ನು ಒಮ್ಮೆ ಪುಣೆಯಿಂದ ಹೊರಟು ಖಂಡಾಲಾ ಘಾಟಿಯ ಹಳೆಯ ರಸ್ತೆಯಲ್ಲಿ ಖೋಪೋಲಿಯತ್ತ ಇಳಿಸಿ ನೋಡಬೇಕು. ಅಲ್ಲಿ ಅಶ್ವಶಕ್ತಿಯಿಂದ ಹೆಚ್ಚೇನೂ ನಡೆಯುವುದಿಲ್ಲ. ಕಾಯದ ಬ್ರೇಕು ಬೇಕು, ತಿರುವಿನಲ್ಲಿ ನೆಲ ಬಿಡದ ಚಕ್ರ ಬೇಕು.

ಈ ಹವ್ಯಾಸದ ಕುಲದೈವ 1932ರ ಫೋರ್ಡ್ ಕೂಪೆ. 3.6 ಲೀಟರಿನ ವಿ8 ಎಂಜಿನ್, 65 ಅಶ್ವಶಕ್ತಿ. ಕ್ಯಾಲಿಫೋರ್ನಿಯಾದ ಹುಡುಗರು ಅದರ ಮಡ್‌ಗಾರ್ಡ್ ಕಳಚಿ, ಭಾರ ಇಳಿಸಿ, ಬತ್ತಿದ ಕೆರೆಯಂಗಳಗಳಲ್ಲಿ ನೇರ ಗೆರೆಯಲ್ಲಿ ಓಡಿಸಿದರು. ತಿರುವೂ ಇಲ್ಲ, ಹೊಂಡವೂ ಇಲ್ಲ. ಹಾಗಾಗಿ ಸುಖದ ಪ್ರಶ್ನೆಯೇ ಬರಲಿಲ್ಲ.

ನಮ್ಮಲ್ಲಿ ಅಂಥ ಪ್ರಯೋಗಕ್ಕೆ ಒದಗುವ ಗಾಡಿಯೆಂದರೆ ನನ್ನ ಮಟ್ಟಿಗೆ ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಇಟಲಿಯ ಜೊವಾನಿ ಮಿಕೆಲೊಟ್ಟಿ ವಿನ್ಯಾಸಗೊಳಿಸಿದ ಈ ಕಾರು ಬ್ರಿಟನ್ನಿನಲ್ಲಿ 1959ರಲ್ಲಿ ಕೂಪೆಯಾಗಿಯೂ ಬಂತು. ಮದರಾಸಿನಲ್ಲಿ 1961ರಿಂದ ತಯಾರಾದದ್ದು ಅದರ ಸಲೂನ್ ರೂಪ. ಬಾನೆಟ್ ಎತ್ತಿದರೆ ಮಡ್‌ಗಾರ್ಡುಗಳ ಸಮೇತ ಇಡೀ ಮೂತಿಯೇ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಮೆಕ್ಯಾನಿಕ್ ಮುಂದಿನ ಟೈರಿನ ಮೇಲೆ ಕುಳಿತೇ ಕೆಲಸ ಮಾಡಬಹುದು. ಇಡಿಯ ಬಾಡಿಯನ್ನು ಒಂದೇ ತುಂಡಾಗಿ ಅಚ್ಚೊತ್ತಿಕೊಡುವವರು ತಯಾರಕರಿಗೆ ಸಿಕ್ಕಿರಲಿಲ್ಲ. ಆದ್ದರಿಂದ ಕಾರನ್ನು ಪ್ರತ್ಯೇಕ ಚಾಸಿಯ ಮೇಲೆ ಭಾಗ ಭಾಗವಾಗಿ ಬೋಲ್ಟ್ ಹಾಕಿ ಕಟ್ಟಿದರು. ಅಂದಿನ ಆ ಕೊರತೆ ಇಂದು ಮಾರ್ಪಾಡು ಮಾಡುವವನಿಗೆ ವರ.

ತೊಂದರೆ ಇರುವುದು ಹಿಂದಿನ ಚಕ್ರದಲ್ಲಿ. ಗಾಡಿಯನ್ನು ಜಾಕಿಯ ಮೇಲೆ ನಿಲ್ಲಿಸಿ ಕೆಳಗೆ ಬಗ್ಗಿ ನೋಡಿದರೆ ಗೊತ್ತಾಗುತ್ತದೆ. ಡಿಫರೆನ್ಷಿಯಲ್ ಚಾಸಿಗೆ ಬಿಗಿದಿದೆ, ಅದರ ನೆತ್ತಿಯ ಮೇಲೆ ಅಡ್ಡಲಾಗಿ ಲೀಫ್ ಸ್ಪ್ರಿಂಗ್. ಎಡಕ್ಕೊಂದು ಬಲಕ್ಕೊಂದು ಅರ್ಧ ಆಕ್ಸಲ್. ಬಾಗುವ ಕೀಲು ಇರುವುದು ಒಳತುದಿಯಲ್ಲಿ ಮಾತ್ರ, ಹೊರತುದಿಯಲ್ಲಿ ಚಕ್ರ ನೇರವಾಗಿ ಕೂತಿದೆ. ಆದ್ದರಿಂದ ಚಕ್ರ ಮೇಲೆ ಕೆಳಗೆ ಹೋದಂತೆಲ್ಲ ಕದದ ಹಾಗೆ ಕಮಾನಿನಲ್ಲಿ ತಿರುಗಿ ವಾಲುತ್ತದೆ. ಬಿರುಸಾದ ತಿರುವಿನ ನಡುವೆ ಗಾಬರಿಯಿಂದ ಆಕ್ಸಿಲರೇಟರ್ ಬಿಟ್ಟರೆ ಕಾರಿನ ಹಿಂಭಾಗ ಮೇಲೇಳುತ್ತದೆ, ಹೊರಬದಿಯ ಚಕ್ರ ಅಡಿಗೆ ಮಡಚಿಕೊಳ್ಳುತ್ತದೆ, ಟೈರಿನ ಅಂಚಷ್ಟೇ ನೆಲಕ್ಕೆ ತಾಗಿ ಹಿಡಿತ ತಪ್ಪುತ್ತದೆ.

ಇದೇ ಬಗೆಯ ಚಾಸಿಗೆ ಆರು ಸಿಲಿಂಡರಿನ ಎರಡು ಲೀಟರ್ ಎಂಜಿನ್ ಇಟ್ಟು ಹೆರಾಲ್ಡಿನ ಮೂಲ ತಯಾರಕರಾದ ಟ್ರಯಂಫ್ ಕಂಪನಿಯೇ 1966ರಲ್ಲಿ ಜಿಟಿ6 ಎಂಬ ಕೂಪೆ ತಂದಿತು. ಕಾರ್ಖಾನೆಯೇ ಮಾಡಿದ ಹಾಟ್ ರಾಡ್ ಎನ್ನಿ! ವೇಗವನ್ನು ಎಲ್ಲರೂ ಮೆಚ್ಚಿದರು, ಹಿಂದಿನ ಚಕ್ರಗಳನ್ನು ಬೈದರು. ಎರಡೇ ವರ್ಷಕ್ಕೆ, 1968ರಲ್ಲಿ, ಕೆಳಗೊಂದು ವಿಷ್‌ಬೋನ್ ಕೊಟ್ಟು, ಆಕ್ಸಲಿಗೆ ರಬ್ಬರಿನ ಕೀಲು ಸೇರಿಸಿ, ಚಕ್ರ ನೆಟ್ಟಗೆ ನಿಲ್ಲುವಂತೆ ಮಾಡಬೇಕಾಯಿತು.

ಬ್ರೇಕಿನದೂ ಇಂಥದೇ ಕಥೆ. ಡ್ರಮ್ ಕಾದರೆ ಹಿಗ್ಗಿ ಲೈನರಿನಿಂದ ದೂರ ಸರಿಯುತ್ತದೆ, ಜೊತೆಗೆ ಲೈನರಿನ ಘರ್ಷಣೆಯೂ ಕುಗ್ಗುತ್ತದೆ. ಇಳಿಜಾರಿನಲ್ಲಿ ಪೆಡಲು ಒಳಗಿಳಿಯುತ್ತಲೇ ಹೋಗುತ್ತದೆ. ಡಿಸ್ಕ್ ಗಾಳಿಗೆ ತೆರೆದಿರುತ್ತದೆ, ಕಾದು ದಪ್ಪವಾದರೂ ಪ್ಯಾಡಿನ ಕಡೆಗೇ ಹಿಗ್ಗುತ್ತದೆ. ಎ.ಸಿ., ಪವರ್ ಸ್ಟೀರಿಂಗ್, ಒಳ್ಳೆಯ ಸೀಟು ಎಲ್ಲವೂ ಸಂತೋಷವೇ, ಆದರೆ ಅವುಗಳ ಸರದಿ ಇದಾದ ಮೇಲೆ.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ಹೊಂದದ ಬದಲಾವಣೆಯನ್ನು ತಡೆಯುತ್ತದೆ. ಸುಪ್ರೀಂ ಕೋರ್ಟ್ 2019ರಲ್ಲಿ ಇದನ್ನೇ ಎತ್ತಿಹಿಡಿಯಿತು. 2021ರ ವಿಂಟೇಜ್ ನಿಯಮದಡಿ 50 ವರ್ಷ ದಾಟಿದ ಕಾರಿಗೆ ‘ವಿಎ’ ಅಕ್ಷರದ ನಂಬರ್ ಪ್ಲೇಟು ಸಿಗುತ್ತದೆ. ಆದರೆ ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಅದೇ 52ನೇ ಕಲಮು ಒಂದು ಬಾಗಿಲನ್ನು ತೆರೆದಿಟ್ಟಿದೆ: ಬ್ಯಾಟರಿಯೂ ಸೇರಿದಂತೆ ಬೇರೆ ಇಂಧನಕ್ಕೆ ಬದಲಾಯಿಸುವ, ಮಂಜೂರಾದ ಕಿಟ್. ಇಂಥ ವಿದ್ಯುತ್ ಕಿಟ್‌ಗಳನ್ನು ಎಐಎಸ್ 123 ಮಾನದಂಡದ ಪ್ರಕಾರ ಒರೆಗೆ ಹಚ್ಚುವ ಸಂಸ್ಥೆಗಳಲ್ಲಿ ಒಂದು ಪುಣೆಯಲ್ಲೇ ಇದೆ. ಅದು 1966ರಲ್ಲಿ ಸ್ಥಾಪನೆಯಾದ ಎಆರ್‌ಎಐ. ಕೋಥ್ರುಡ್ ಬಳಿ ಅದು ಇರುವ ಗುಡ್ಡವನ್ನು ಊರವರು ಎಆರ್‌ಎಐ ಟೇಕಡಿ ಎಂದೇ ಕರೆಯುತ್ತಾರೆ.

ಎಂದಾದರೂ ಹೆರಾಲ್ಡಿಗೆ ಒಪ್ಪುವ ಕಿಟ್ ಅಲ್ಲಿ ಪಾಸಾಗಲಿ ಎಂಬುದು ನನ್ನ ಆಸೆ. ಮೋಟಾರು ನಿಂತಲ್ಲಿಂದಲೇ ಪೂರ್ತಿ ತಿರುಚುಬಲ ಕೊಡುತ್ತದೆ, ಘಾಟಿಯಲ್ಲಿ ಕುದಿಯುವ ರೇಡಿಯೇಟರಿನ ಚಿಂತೆ ಇಲ್ಲ, ಇಳಿಯುವಾಗ ಜನರೇಟರಿನಂತೆ ತಿರುಗಿ ಬ್ರೇಕಿನ ಭಾರವನ್ನು ತಾನೂ ಹೊರುತ್ತದೆ. ಬ್ಯಾಟರಿಯನ್ನೆಲ್ಲ ಡಿಕ್ಕಿಯಲ್ಲಿ ತುಂಬುವ ಆಸೆಯನ್ನು ಮಾತ್ರ ಬಿಡಬೇಕು: ಆ ಭಾರ ಬೀಳುವುದು ಮಡಚಿಕೊಳ್ಳುವ ಅದೇ ಹಿಂದಿನ ಚಕ್ರಗಳ ಮೇಲೆ. ಅರ್ಧದಷ್ಟಾದರೂ ಮುಂದೆ, ಬಾನೆಟ್ಟಿನ ಕೆಳಗೆ ಹೋಗಲಿ. ಎಂಜಿನ್ ಇಳಿಸಿದ ಮೇಲೆ ಅಲ್ಲಿ ಜಾಗ ಧಾರಾಳವಾಗಿದೆ.